ನಮ್ಮೂರ ಮಡುವಿಗೆ 10,000 ಮಹಶೀರ್ ಮರಿ ಬಿಡಬಹುದಾ? (ಕಾವೇರಿ, ಶಿವನಸಮುದ್ರದ ಕೆಳಗೆ)

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ. ಶಿವನಸಮುದ್ರಕ್ಕೂ ಮೇಕೆದಾಟಿಗೂ ನಡುವೆ ಕಾವೇರಿ ದಡದ ಊರು ನಮ್ಮದು. ಊರ ಹಳ್ಳ ಹೊಳೆಗೆ ಸೇರುವ ಕಡೆ ಒಂದು ಮಡು ಇದೆ. ಏಪ್ರಿಲ್‌ನಲ್ಲೂ ಎರಡಾಳುದ್ದ ನೀರು ನಿಲ್ಲುತ್ತೆ. ಅಭಯಾರಣ್ಯದ ಗಡಿಯಿಂದ ಸ್ವಲ್ಪ ಹೊರಗಿದೆ. ದಡದಲ್ಲಿ ದೇವಸ್ಥಾನ ಇರೋದರಿಂದ ಊರವರು ಅಲ್ಲಿ ಬಲೆ ಹಾಕಲ್ಲ. ಬಿಳಿಮೀನು, ಅಂದರೆ ಮಹಶೀರ್, ಈಗಲೂ ಇವೆ. ಆದರೆ ದೊಡ್ಡವು ಕಣ್ಣಿಗೆ ಬೀಳೋದು ಅಪರೂಪ ಆಗಿದೆ.

ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ) ದುಡ್ಡಲ್ಲಿ 10,000 ಮಹಶೀರ್ ಮರಿ ತರಿಸಿ ಬಿಡಿಸ್ತೀವಿ ಅಂತ ನಮ್ಮ ಯುವಕ ಸಂಘವನ್ನು ಕೇಳಿದ್ದಾರೆ. ಮೀನು ಅಳಿವಿನ ಅಂಚಿನಲ್ಲಿದೆ ಅಂದಮೇಲೆ ಬಿಟ್ಟರೆ ಒಳ್ಳೇದೇ ಅಲ್ವಾ ಅನ್ನೋದು ಬಹುತೇಕರ ಮಾತು. ಇಬ್ಬರು ಮಾತ್ರ ಬೇಡ ಅಂತಿದ್ದಾರೆ, ಯಾಕೆ ಅಂತ ಸರಿಯಾಗಿ ಹೇಳೋಕೆ ಅವರಿಗೂ ಬರ್ತಿಲ್ಲ. ಮರಿ ಬಿಡಬಹುದಾ? ಬಿಡೋದಾದರೆ ಯಾವ ತಿಂಗಳು, ಎಷ್ಟು ದೊಡ್ಡ ಮರಿ?

ಇನ್ನೊಂದು. ಹಳ್ಳದಲ್ಲಿ, ಹೊಳೆಯಿಂದ ಸುಮಾರು 300 ಮೀಟರ್ ಮೇಲೆ, ಒಂದು ಹಳೇ ಚೆಕ್ ಡ್ಯಾಂ ಇದೆ. 1.5 ಮೀಟರ್ ಎತ್ತರ, 18 ಮೀಟರ್ ಅಗಲ. ಕೆಳಗಡೆ 4 ಮೀಟರ್ ಕಾಂಕ್ರೀಟ್ ಹಾಸು. ಹಿಂದೆ ಹೂಳು ಅರ್ಧಕ್ಕಿಂತ ಹೆಚ್ಚು ತುಂಬಿದೆ. ಗೇಟು, ಹಲಗೆ ಯಾವುದೂ ಇಲ್ಲ. ಇದರಿಂದ ಮೀನಿಗೆ ತೊಂದರೆ ಇದೆಯಾ? ಭಕ್ತರು ಮಡುವಿಗೆ ಕಡಲೆಪುರಿ ಹಾಕ್ತಾರೆ, ಅದು ಸರೀನಾ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಕಿವಿರು:

ಮೊದಲೇ ಹೇಳಿಬಿಡ್ತೀನಿ: ಆ ಮರಿ ಬಿಡಬೇಡಿ. ಬೇಡ ಅಂತಿರುವ ಇಬ್ಬರ ಮಾತು ಸರಿ. ಕಾರಣ ಇಲ್ಲಿದೆ, ಸಭೆಯಲ್ಲಿ ಓದಿ ಹೇಳಿ.

ಮಹಶೀರ್ ಅನ್ನೋದು ಒಂದೇ ಮೀನಿನ ಹೆಸರಲ್ಲ, ಒಂದು ಕುಲದ ಹೆಸರು. ಕಾವೇರಿ ಕೊಳ್ಳದ ಸ್ವಂತ ಮೀನು ಗೂನುಬೆನ್ನಿನ ಮಹಶೀರ್. ಕಿತ್ತಳೆ ರೆಕ್ಕೆ, ತಲೆಯ ಹಿಂದಿನಿಂದಲೇ ಏರುವ ಬೆನ್ನು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ.ಯ ಮೀನು ಈ ಜಾತಿಯದು. ಇಷ್ಟು ಹೆಸರಾದ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನು ನೋಡಿ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದ ಜಾತಿಯೂ ನಮ್ಮ ಗೂನುಬೆನ್ನಿನ ಮೀನೂ ಒಂದೇ ಅಂತ ಆಗ ತಿಳಿಯಿತು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತೆ. 2018ರಲ್ಲೇ ಐಯುಸಿಎನ್ ಕೆಂಪು ಪಟ್ಟಿಯಲ್ಲಿ (ಅಳಿವಿನ ಅಪಾಯ ಅಳೆಯುವ ಜಾಗತಿಕ ಪಟ್ಟಿ) ಇದನ್ನು 'ತೀವ್ರ ಅಪಾಯದಲ್ಲಿರುವ' ವರ್ಗಕ್ಕೆ ಹಾಕಿದರು. ಕಾಡು ಹೊಳೆಗಳಲ್ಲಿ ಇದಕ್ಕೆ ಉಳಿದಿರುವ ಒಳ್ಳೆಯ ನೆಲೆ ಅಂದರೆ ಮೋಯಾರ್ ಹೊಳೆ. ಆಮೇಲೆ ನಿಮ್ಮ ಕಡೆಯಂಥ ಕೆಲವು ಮಡುಗಳು.

ಹ್ಯಾಚರಿಯಲ್ಲಿ ದುಡ್ಡು ಕೊಟ್ಟರೆ ಸಿಗುವ ಮಹಶೀರ್ ಮರಿ ಸಾಮಾನ್ಯವಾಗಿ ಟಾರ್ ಖುದ್ರೀ, ನೀಲಿ ರೆಕ್ಕೆಯದು. 1839ರಲ್ಲಿ ಪುಣೆ ಕಡೆಯ ಮುಳಾ-ಮುಠಾ ಹೊಳೆಯಿಂದ ಸೈಕ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ಗುರುತಿಸಿದ ಮೀನು, ಕೃಷ್ಣಾ ಕೊಳ್ಳದ್ದು. ಲೋಣಾವಳದ ಹ್ಯಾಚರಿಯಲ್ಲಿ ಇದರ ಮರಿ ಮಾಡೋದು 1970ರ ದಶಕದಲ್ಲಿ ಕೈಗೂಡಿತು. ಅಲ್ಲಿಂದ ಮರಿ ದೇಶದ ಹಲವು ಹೊಳೆಗಳಿಗೆ ಹೋಯಿತು, ಕಾವೇರಿಗೂ ಬಂತು. ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಮಹಶೀರ್ ಕಡಿಮೆ ಆಗ್ತಿದೆ, ಮಹಶೀರ್ ಬಿಡೋಣ ಅಂತ ಯೋಚಿಸಿದರು. ನಿಮ್ಮ ಸಭೆಯಲ್ಲಿ ಈಗ ನಡೀತಿರೋ ಮಾತೇ ಅದು.

ಆಮೇಲೆ ಆದದ್ದು ಕಾವೇರಿ ದಡದ ಗಾಲಿಬೋರೆ ಗಾಳದ ಶಿಬಿರದ 1998ರಿಂದ 2012ರವರೆಗಿನ ಲೆಕ್ಕದಲ್ಲಿ ಕಾಣುತ್ತೆ. ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋದವು, ಗೂನುಬೆನ್ನಿನವು ಕಡಿಮೆ ಆಗುತ್ತಾ ಹೋದವು. ಅದರಲ್ಲೂ ಗಮನಿಸಬೇಕಾದ್ದು ತೂಕ. ಗೂನುಬೆನ್ನಿನ ಮೀನುಗಳ ಸಂಖ್ಯೆ ಇಳೀತಾ ಇದ್ದ ಹಾಗೇ ಅವುಗಳ ಸರಾಸರಿ ತೂಕ ಏರಿತು. ಕೇಳೋಕೆ ಒಳ್ಳೇ ಸುದ್ದಿ ಅನ್ನಿಸಬಹುದು, ಆದರೆ ಅರ್ಥ ತಿರುಗುಮುರುಗು. ಸಿಗ್ತಿದ್ದವು ವಯಸ್ಸಾದ ಮೀನುಗಳು. ಕೆಳಗಿನಿಂದ ಎಳೆಯವು ಬಂದು ಸೇರ್ತಿರಲಿಲ್ಲ. ಮುದುಕರೇ ಉಳಿದ ಊರಿನ ಹಾಗೆ.

ಇನ್ನೂ 10,000 ಖುದ್ರೀ ಬಿಟ್ಟರೆ ಆಹಾರಕ್ಕೆ, ಮೊಟ್ಟೆ ಇಡುವ ಜಲ್ಲಿಹಾಸಿಗೆ ಪೈಪೋಟಿ ಹೆಚ್ಚುತ್ತೆ. ಎರಡು ಜಾತಿ ಬೆರಕೆ ಆಗುವ ಅಪಾಯವೂ ಇದೆ. ಹ್ಯಾಚರಿ ನೀರಿನ ಜೊತೆ ಪರೋಪಜೀವಿ, ರೋಗ ಬರಬಹುದು. ಖುದ್ರೀಗೆ ಇದರಿಂದ ಲಾಭವೂ ಇಲ್ಲ. 2018ರಲ್ಲೇ ಅದನ್ನು ಕೆಂಪು ಪಟ್ಟಿಯ ಅಪಾಯದ ವರ್ಗದಿಂದ ಇಳಿಸಿದ್ದಾರೆ.

ನೀವು ಮೊದಲು ಮಾಡಬೇಕಾದ್ದು ಮಡುವಿನಲ್ಲಿ ಯಾವ ಮೀನು ಇದೆ ಅಂತ ತಿಳಿಯೋದು. ಹಿಡಿಯಬೇಕಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ನೀರು ತಿಳಿಯಾಗಿರುವ ಫೆಬ್ರವರಿ-ಮಾರ್ಚಿನಲ್ಲಿ, ದಡದ ಎತ್ತರದ ಬಂಡೆಯಿಂದ ಪಕ್ಕದಿಂದ ಫೋಟೋ ತೆಗೆಯಿರಿ. ಪೋಲರೈಸ್ಡ್ ಕನ್ನಡಕ ಹಾಕಿದರೆ ನೀರಿನ ಹೊಳಪು ಹೋಗಿ ಮೈ ಕಾಣುತ್ತೆ. ಮೊಬೈಲಿನ ಲೆನ್ಸ್ ಮುಂದೆ ಅದೇ ಕನ್ನಡಕ ಹಿಡಿದರೂ ಆಗುತ್ತೆ. ನೋಡಬೇಕಾದ್ದು ಬಾಲದ ರೆಕ್ಕೆಯ ಬಣ್ಣ ಮತ್ತು ಬೆನ್ನಿನ ಗೆರೆ. ಕಿತ್ತಳೆ-ಕೆಂಪು ಬಾಲ, ಏರಿದ ಬೆನ್ನು ಇದ್ದರೆ ರೆಮಾದೇವಿ ಇರಬಹುದು. ಬೂದು-ನೀಲಿ ರೆಕ್ಕೆ ಇದ್ದರೆ ಖುದ್ರೀ. ಕಲಕು ನೀರಿನಲ್ಲಿ ಬಣ್ಣ ಮಂಕಾಗುತ್ತೆ. ಗೇಣುದ್ದದ ಮರಿಗಳಲ್ಲಿ ಬಣ್ಣವನ್ನು ನಂಬಲೇಬೇಡಿ.

ಖಚಿತ ಆಗೋದು ಡಿಎನ್‌ಎ ಪರೀಕ್ಷೆಯಿಂದ. ಮೀನುಗಾರಿಕೆ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯವರನ್ನು ಕರೆಸಿ, ಅನುಮತಿ ಅವರ ಹೆಸರಲ್ಲಿ ಇರಲಿ. ರೆಕ್ಕೆಯ ಅಂಚಿನಿಂದ ಹೆಸರುಕಾಳಿನಷ್ಟು ಚೂರು ಸಾಕು. ಅದು 95 ಶೇಕಡಾಕ್ಕಿಂತ ಮೇಲಿನ ಶುದ್ಧ ಆಲ್ಕೊಹಾಲಿನಲ್ಲಿ ಇರಬೇಕು, ಮಾರನೇ ದಿನ ಒಮ್ಮೆ ಆಲ್ಕೊಹಾಲ್ ಬದಲಿಸಬೇಕು. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಹಾಳು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೊಹಾಲಿಗೆ ಕರಗಿ ಹೋಗುತ್ತೆ, ಆಮೇಲೆ ಯಾವುದು ಯಾವ ಮೀನಿನದು ಅಂತ ಗೊತ್ತಾಗಲ್ಲ.

ಮರಿಕೊಳ:

ಕಿವಿರು ಹೇಳಿದ್ದಕ್ಕೆ ಹ್ಯಾಚರಿ ಕಡೆಯಿಂದ ಒಂದಿಷ್ಟು. 10,000 ಅನ್ನೋ ಸಂಖ್ಯೆ ಕೇಳಿದಾಗ ಆ ಮರಿ ಎಷ್ಟು ತಾಯಿ-ತಂದೆಯಿಂದ ಬಂದದ್ದು ಅಂತ ಕೇಳಬೇಕು. ಯಾರೂ ಕೇಳಲ್ಲ.

ರೋಹು, ಕಾಟ್ಲಾ ಕೆ.ಜಿ. ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಕೊಡುತ್ತವೆ. ಮಹಶೀರ್ ಕೊಡೋದು ಕೆಲವೇ ಸಾವಿರ. ಮೊಟ್ಟೆ ದಪ್ಪ, ಭಾರ, ತಳಕ್ಕೆ ಇಳಿಯುತ್ತೆ. ಬಲಿತ ಹೆಣ್ಣಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಒಣ ಬೇಸಿನ್‌ಗೆ ಮೊಟ್ಟೆ ತೆಗೀತಾರೆ, ಮೇಲೆ ಗಂಡಿನ ಹಾಲು (ವೀರ್ಯ) ಹಿಂಡಿ ಹಕ್ಕಿ ಪುಕ್ಕದಿಂದ ಕಲಸ್ತಾರೆ, ಆಮೇಲಷ್ಟೇ ನೀರು. ಬೇಸಿನ್‌ನಲ್ಲಿ ಮೊದಲೇ ನೀರಿನ ಹನಿ ಇದ್ದರೆ ಮೊಟ್ಟೆಯ ರಂಧ್ರ ಮುಚ್ಚಿಕೊಂಡು ಅರ್ಧಕ್ಕರ್ಧ ಬಿಳಿಚಿಕೊಂಡು ಸಾಯುತ್ತೆ. ಹರಿಯುವ ನೀರಿನ ತಟ್ಟೆಯಲ್ಲಿ ಒಂದೇ ಪದರ ಹರಡಬೇಕು. ಸತ್ತ ಮೊಟ್ಟೆಯನ್ನು ದಿನಾ ಆರಿಸಿ ತೆಗೀದಿದ್ದರೆ ಬೂಷ್ಟು ಪಕ್ಕದ ಮೊಟ್ಟೆಗೆ ಹಬ್ಬುತ್ತೆ. ನೀರಿನ ಬಿಸಿ ನೋಡಿಕೊಂಡು ಮೂರು-ನಾಲ್ಕು ದಿನಕ್ಕೆ ಮರಿ ಒಡೆಯುತ್ತೆ.

ಒಡೆದ ಮರಿ ಮೊದಲ ಕೆಲವು ದಿನ ಈಜಲ್ಲ. ತಟ್ಟೆಯ ಮೂಲೆಗೆ ತಲೆ ತೂರಿಸಿ, ಹೊಟ್ಟೆಯ ಹಳದಿ ಚೀಲ ಹೊತ್ತುಕೊಂಡು, ಬಾಲ ಮಾತ್ರ ಬಿಡದೆ ಅಲ್ಲಾಡಿಸ್ತಾ ಗುಂಪಾಗಿ ಕೂತಿರುತ್ತೆ. ಹೊಳೆಯಲ್ಲೂ ಇದೇ ಕೆಲಸ ಮಾಡುತ್ತೆ, ಜಲ್ಲಿಕಲ್ಲಿನ ಸಂದಿಯಲ್ಲಿ. ಮರಳು ಲೂಟಿ, ಜಲ್ಲಿ ತೆಗೆಯೋದು ಈ ಮೀನಿಗೆ ಇಷ್ಟು ಹೊಡೆತ ಕೊಡೋದು ಯಾಕೆ ಅಂತ ಇದರಿಂದಲೇ ತಿಳಿಯುತ್ತೆ. ಸಂದಿ ಇಲ್ಲದ ತಳದಲ್ಲಿ ಅಥವಾ ಹೂಳು ತುಂಬಿದ ಸಂದಿಯಲ್ಲಿ ಮರಿ ಉಸಿರುಕಟ್ಟಿ ಸಾಯುತ್ತೆ.

ಇನ್ನು ತಾಯಿ-ತಂದೆ ಲೆಕ್ಕ. 20 ಹೆಣ್ಣು, 2 ಗಂಡು ಬಳಸಿ ಮರಿ ಮಾಡಿದರು ಅಂದುಕೊಳ್ಳಿ. ಒಟ್ಟು 22 ಮೀನು. ಆದರೆ ವಂಶದ ಲೆಕ್ಕದಲ್ಲಿ ಅದರ ಬೆಲೆ 4 × 20 × 2 ÷ 22, ಅಂದರೆ ಏಳೇ ಮೀನು. ಒಂದು ತಲೆಮಾರಿಗೆ ಒಳಸಂಬಂಧ (ಹತ್ತಿರದ ನೆಂಟರೊಳಗೇ ಮರಿ ಆಗೋದು) ಸುಮಾರು 7 ಶೇಕಡಾ ಹೆಚ್ಚುತ್ತೆ. ಅದೇ 25 ಹೆಣ್ಣು, 25 ಗಂಡು, ಪ್ರತಿ ಜೋಡಿಯ ಮೊಟ್ಟೆ ಬೇರೆ ತಟ್ಟೆಯಲ್ಲಿ ಇಟ್ಟು ಸಮ ಪ್ರಮಾಣದಲ್ಲಿ ಮರಿ ತಗೊಂಡರೆ 1 ಶೇಕಡಾ ದಾಟಲ್ಲ. ಹಾಲು ಚೆನ್ನಾಗಿ ಬರುವ ಒಂದೆರಡು ಗಂಡನ್ನೇ ಮತ್ತೆ ಮತ್ತೆ ಬಳಸೋದು ಕೆಲಸಕ್ಕೆ ಸುಲಭ, ಅದಕ್ಕೇ ಈ ತಪ್ಪು ಆಗೋದು. ಅಂಥ 10,000 ಮರಿ ಅಂದರೆ ಒಂದೇ ಮನೆಯ 10,000 ಅಣ್ಣತಮ್ಮಂದಿರು.

ಮುಂದೆ ಎಂದಾದರೂ ರೆಮಾದೇವಿ ಮರಿಯನ್ನೇ ಬಿಡುವ ಕಾಲ ಬಂದರೂ ಇದೇ ನಿಯಮ. ಅದೇ ಹೊಳೆಯ ತಾಯಿಮೀನು, ಪ್ರತಿಯೊಂದಕ್ಕೂ ಡಿಎನ್‌ಎ ಗುರುತು, ಜೋಡಿಯ ದಾಖಲೆ. ಇವು ಮೂರೂ ಕಾಗದದಲ್ಲಿ ತೋರಿಸದೆ ಯಾರು ತಂದರೂ ತಗೋಬೇಡಿ.

ತೂಬು-ಕೋಡಿ:

ಚೆಕ್ ಡ್ಯಾಂ ಬಗ್ಗೆ ಹೇಳ್ತೀನಿ. ತೊಂದರೆ ಖಂಡಿತಾ ಇದೆ, ಮತ್ತು ಅದು 1.5 ಮೀಟರ್ ಎತ್ತರದಷ್ಟೇ ಆ 4 ಮೀಟರ್ ಕಾಂಕ್ರೀಟ್ ಹಾಸಿನದ್ದೂ ಹೌದು. ಹಾಸಿನ ಮೇಲೆ ನೀರು ಅಂಗೈ ಆಳಕ್ಕೆ ಹರಡಿ ರಭಸವಾಗಿ ಓಡುತ್ತೆ. ಮೀನು ಮೇಲೇರಬೇಕಾದರೆ ಮೈ ಮುಳುಗುವಷ್ಟು ನೀರು ಬೇಕು, ನೆಗೆಯಬೇಕಾದರೆ ಬುಡದಲ್ಲಿ ಆಳದ ಗುಂಡಿ ಬೇಕು. ಇಲ್ಲಿ ಎರಡೂ ಇಲ್ಲ.

ಮೊದಲು ಪಂಚಾಯಿತಿಯಲ್ಲಿ ಒಂದು ಪ್ರಶ್ನೆ ಕೇಳಿ: ಈ ಅಣೆಯಿಂದ ಈಗ ಯಾರಿಗೆ ನೀರು? ಹೂಳು ತುಂಬಿ ಯಾರಿಗೂ ಉಪಯೋಗ ಇಲ್ಲದಿದ್ದರೆ ನಡುವೆ ಹಳ್ಳದ ತಳದವರೆಗೂ ಒಂದು ಸೀಳು ಕೊಯ್ಯೋದು ಎಲ್ಲಕ್ಕಿಂತ ಸುಲಭ. ಒಂದೇ ಸಲ ಕೊಯ್ದರೆ ಹಿಂದಿನ ಹೂಳೆಲ್ಲ ಮಡುವಿಗೆ ಇಳಿದು ಮೇಲೆ ಮರಿಕೊಳ ಹೇಳಿದ ಸಂದಿಗಳು ಮುಚ್ಚಿ ಹೋಗುತ್ತೆ. ಆದ್ದರಿಂದ ಬೇಸಿಗೆಯಲ್ಲಿ ಹೂಳು ಎತ್ತಿ ಹೊಲಕ್ಕೆ ಹೊಡೆದು, ಆಮೇಲೆ ಕೊಯ್ಯಿರಿ.

ಅಣೆ ಬೇಕೇ ಬೇಕು ಅಂದರೆ ಮೀನಿನ ದಾರಿ ಮಾಡಬೇಕು. ನಿಮ್ಮ ಕಡೆ ಬಂಡೆಗೆ ಬರ ಇಲ್ಲ, ಕಲ್ಲಿನದ್ದೇ ಮಾಡಿ. ಇಳಿಜಾರು 20ಕ್ಕೆ 1ಕ್ಕಿಂತ ಕಡಿದಾಗಬಾರದು. 1.5 ಮೀಟರ್ ಎತ್ತರಕ್ಕೆ 30 ಮೀಟರ್ ಉದ್ದ. ಪ್ರತಿ 3 ಮೀಟರಿಗೆ ಒಂದು ಅಡ್ಡಸಾಲು ದಪ್ಪ ಬಂಡೆ, ಸಾಲಿಂದ ಸಾಲಿಗೆ ನೀರು 15 ಸೆಂ.ಮೀ. ಇಳಿತ. ಒಟ್ಟು 10 ಇಳಿತ ಆಗುತ್ತೆ. 15 ಸೆಂ.ಮೀ. ಯಾಕೆ ಅಂದರೆ ಆ ಇಳಿತದಲ್ಲಿ ಸಂದಿಯ ನೀರಿನ ವೇಗ ಸೆಕೆಂಡಿಗೆ ಸುಮಾರು 1.7 ಮೀಟರ್. ಇಳಿತ 20 ಸೆಂ.ಮೀ. ಆದರೆ 2 ಮೀಟರ್ ಮುಟ್ಟುತ್ತೆ, ಸಣ್ಣ ಮೀನು ಅಲ್ಲೇ ನಿಂತುಬಿಡುತ್ತೆ. ಬಂಡೆ 60ರಿಂದ 80 ಸೆಂ.ಮೀ. ಗಾತ್ರ ಇರಲಿ, ಮೂರನೇ ಒಂದು ಭಾಗವಾದರೂ ಹೂತಿರಲಿ. ಸಾಲಿನಲ್ಲಿ 40 ಸೆಂ.ಮೀ. ಸಂದಿ ಬಿಡಿ, ಮುಂದಿನ ಸಾಲಿನ ಸಂದಿ ನೇರಕ್ಕೆ ಬರದಂತೆ ಅತ್ತಿತ್ತ ಮಾಡಿ. ಸಾಲುಗಳ ನಡುವೆ ನೀರು ಅರ್ಧ ಮೀಟರ್ ಆಳ ನಿಲ್ಲಬೇಕು. ಅಗಲ 4 ಮೀಟರ್ ಇರಲಿ.

ಇಂಥ ಕೆಲಸ ಕೆಡೋದು ಎರಡು ಕಡೆ. ಒಂದು, ಬಾಯಿ ಎಲ್ಲಿದೆ ಅನ್ನೋದು. ಮೀನು ರಭಸದ ನೀರು ಹಿಡಿದು ನೇರ ಅಣೆಯ ಬುಡಕ್ಕೇ ಬರುತ್ತೆ. ದಾರಿಯ ಬಾಯಿ 30 ಮೀಟರ್ ಕೆಳಗೆ ಒಂದು ಪಕ್ಕದಲ್ಲಿದ್ದರೆ ಮೀನು ಅದನ್ನು ದಾಟಿ ಮುಂದೆ ಬಂದು ಗೋಡೆಗೆ ತಲೆ ಕೊಟ್ಟು ನಿಲ್ಲುತ್ತೆ. ಆದ್ದರಿಂದ ಇಳಿಜಾರನ್ನು ಅಣೆಯ ಕೆಳಗೆ ಚಾಚಬೇಡಿ. ದಡದ ಪಕ್ಕದಲ್ಲಿ ಕಾಲುವೆ ತೋಡಿ, ಅಣೆಯಿಂದ 30 ಮೀಟರ್ ಮೇಲೆ ಶುರುವಾಗಿ ಅಣೆಯ ಬುಡದಲ್ಲೇ ಬಂದು ಬೀಳೋ ಹಾಗೆ ಮಾಡಿ. ಬೀಳುವ ಜಾಗದ ಕಾಂಕ್ರೀಟ್ ಹಾಸನ್ನು ಒಡೆದು ಗುಂಡಿ ಮಾಡಿ.

ಎರಡು, ಸೋರಿಕೆ. ಬರೀ ಬಂಡೆ ಜೋಡಿಸಿದರೆ ನೀರು ಕಡಿಮೆ ಇರುವಾಗ ಮೇಲೆ ಹರಿಯದೆ ಕಲ್ಲಿನ ನಡುವೆ ಇಂಗಿ ಹೋಗುತ್ತೆ, ದಾರಿ ಒಣಗಿ ಕೂರುತ್ತೆ. ತಳಕ್ಕೆ ಜಿಗಟು ಮಣ್ಣು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಬಂಡೆ, ಈ ಕ್ರಮ ತಪ್ಪಬಾರದು. ಮೇಲಿನ ಬಾಯಿಯನ್ನು ಅಣೆಯ ನೆತ್ತಿಗಿಂತ 40 ಸೆಂ.ಮೀ. ತಗ್ಗಿಗೆ, 60 ಸೆಂ.ಮೀ. ಅಗಲ ಇಡಿ. ಆಗ ಅಣೆ ತುಂಬಿದಾಗ ಸೆಕೆಂಡಿಗೆ ಸುಮಾರು 250 ಲೀಟರ್ ಮೊದಲು ಮೀನಿನ ದಾರಿಗೆ ಹೋಗುತ್ತೆ, ಮಿಕ್ಕಿದ್ದು ನೆತ್ತಿಯ ಮೇಲೆ. ಹೀಗೆ ಮಾಡಿದಾಗ ಅಣೆಯಲ್ಲಿ ನಿಲ್ಲುವ ನೀರು 40 ಸೆಂ.ಮೀ. ಕಡಿಮೆ ಆಗುತ್ತೆ. ಇದನ್ನು ರೈತರಿಗೆ ಮೊದಲೇ ಹೇಳಿ ಒಪ್ಪಿಸಿ, ಇಲ್ಲದಿದ್ದರೆ ಮೊದಲ ಬೇಸಿಗೆಗೇ ಯಾರಾದರೂ ಬಾಯಿಗೆ ಮರಳಿನ ಚೀಲ ಅಡ್ಡ ಹಾಕ್ತಾರೆ.

ಹರಿಗೋಲು:

ತೂಬು ಅವರ ದಾರಿ ಮಾಡಿದರೆ ಒಂದು ಮಾತು ಸೇರಿಸಿಕೊಳ್ಳಿ ಅಣ್ಣ. ದಾರಿಯ ಬಾಯಲ್ಲಿ ಮೀನು ಸಾಲುಗಟ್ಟುತ್ತೆ, ಕೂಣಿ (ಮೀನು ಹಿಡಿಯೋ ಬುಟ್ಟಿ) ಇಡೋರಿಗೆ, ಬೀಸುಬಲೆಯವರಿಗೆ ಅದಕ್ಕಿಂತ ಸಲೀಸಾದ ಜಾಗ ಇಲ್ಲ. ಎರಡೂ ಕಡೆ 50 ಮೀಟರ್ ಯಾರೂ ಬಲೆ, ಕೂಣಿ ಇಡಕೂಡದು ಅಂತ ಊರಲ್ಲಿ ಮೊದಲು ಕಟ್ಟು ಮಾಡಿ, ಆಮೇಲೆ ಕಲ್ಲು ತರಿಸಿ.

ಹತ್ತುಮೀನಿನ ಕಾಲ, ಅಂದರೆ ಮೀನು ಮೇಲಕ್ಕೆ ಹತ್ತಿ ಹೋಗುವ ಕಾಲ, ನಿಮ್ಮಲ್ಲಿ ಒಂದಲ್ಲ, ಎರಡು ಅಂತ ತಿಳಿದಿರಿ. ಹೊಳೆ ಏರೋದು ಜೂನ್-ಜುಲೈಗೆ, ಕೊಡಗು, ವಯನಾಡಿನ ಮಳೆಗೆ. ನಿಮ್ಮ ಹಳ್ಳಕ್ಕೆ ಆ ಮಳೆ ಬರಲ್ಲ. ಹಳ್ಳ ಬರೋದು ಮೇ ತಿಂಗಳ ಗುಡುಗು ಮಳೆಗೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರಿಗೆ. ಹೊಳೆ ಕೆಂಪಾದಾಗ ಒಂದು ಕಾವಲು, ಹಳ್ಳ ಕೆಂಪಾದಾಗ ಇನ್ನೊಂದು. ಕ್ಯಾಲೆಂಡರ್ ನೋಡಿ ಕಾಯಬೇಡಿ, ನೀರು ನೋಡಿ ಕಾಯಿರಿ. ಹೊಸ ನೀರು ಬಂದ ಮೊದಲ ಮೂರು ರಾತ್ರಿ ಮುಖ್ಯ.

ಬೇಸಿಗೆ ಕಾವಲು ಇದಕ್ಕಿಂತ ದೊಡ್ಡದು. ಮಾರ್ಚ್‌ನಿಂದ ಮೊದಲ ಮಳೆವರೆಗೆ ಮೈಲಿಗಟ್ಟಲೆ ಹೊಳೆಯ ದೊಡ್ಡ ಮೀನೆಲ್ಲ ಒಂದು ಮಡುವಿಗೆ ಬಂದು ಸೇರಿರುತ್ತೆ. ಆಗ ಒಂದು ತೋಟೆ (ಸಿಡಿಮದ್ದು) ಬಿದ್ದರೆ ತಾಯಿಮೀನೆಲ್ಲ ಒಂದೇ ಏಟಿಗೆ ಹೋಯಿತು. ತೋಟೆ ಹೊಡೆತಕ್ಕೆ ಹೊಟ್ಟೆಯೊಳಗಿನ ಗಾಳಿಬುಡ್ಡೆ ಒಡೆಯುತ್ತೆ, ಸತ್ತದ್ದರಲ್ಲಿ ಬಹಳಷ್ಟು ತಳಕ್ಕೇ ಇಳಿಯುತ್ತೆ. ಮೇಲೆ ತೇಲಿದ ಹತ್ತನ್ನು ನೋಡಿ ಹತ್ತೇ ಸತ್ತವು ಅಂತ ಲೆಕ್ಕ ಹಾಕಬೇಡಿ. ಬ್ಲೀಚಿಂಗ್ ಪೌಡರ್, ಹೊಲಕ್ಕೆ ಹೊಡೆಯೋ ಔಷಧಿ ಸುರಿಯೋದು, ಕಾರೆಕಾಯಿ ಅರೆದು ಹಾಕೋದು ಎಲ್ಲಾ ಈ ಕಾಲದಲ್ಲೇ. ದೇವರ ಮೀನು ಅಂತ ಭಯಭಕ್ತಿ ಇದೆ, ಯಾರೂ ಮುಟ್ಟಲ್ಲ ಅಂತ ಸುಮ್ಮನಿರಬೇಡಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನಿಗೆ 1996ರಲ್ಲಿ ವಿಷ ಹಾಕಿ ಸಾವಿರಾರು ಮೀನು ಕೊಂದರು. ಅಲ್ಲಿ ಅದರ ಸ್ಮಾರಕವೇ ಇದೆ.

ಪಂಪ್‌ಸೆಟ್ ನೋಡಿ. ಮಡುವಿಗೆ ಇಳಿಬಿಟ್ಟ ಫುಟ್‌ವಾಲ್ವ್ ಮರಿಗಳನ್ನ ಹೀರಿಕೊಂಡು ಗದ್ದೆಗೆ ಎಸೆಯುತ್ತೆ. ಫುಟ್‌ವಾಲ್ವ್ ಸುತ್ತ ಒಂದು ಡ್ರಮ್ಮಿನಷ್ಟು ದೊಡ್ಡ ಪಂಜರ ಕಟ್ಟಿ, 3 ಮಿ.ಮೀ. ಕಣ್ಣಿನ ಜಾಲರಿ ಸುತ್ತಿ. ಜಾಲರಿಯನ್ನ ಫುಟ್‌ವಾಲ್ವಿಗೇ ಅಂಟಿಸಿ ಸುತ್ತಿದರೆ ಎಲೆ ಹಿಡಿದು ಮೋಟರ್ ಕೆಡುತ್ತೆ, ರೈತ ಮೊದಲ ವಾರಕ್ಕೇ ಕಿತ್ತೆಸೀತಾನೆ. ಪಂಜರ ದೊಡ್ಡದಾದಷ್ಟೂ ಎಳೆತ ಕಡಿಮೆ.

ಪುರಿ ವಿಚಾರ. ಮಳೆಗಾಲದಲ್ಲಿ ಹಿಡಿಯಷ್ಟು ಹಾಕಿದರೆ ತೊಂದರೆ ಏನೂ ಇಲ್ಲ. ಬೇಸಿಗೆಯಲ್ಲಿ ನಿಂತ ನೀರಿಗೆ ಚೀಲಗಟ್ಟಲೆ ಸುರಿದರೆ ತಿಂದು ಮಿಕ್ಕಿದ್ದು ಕೊಳೆತು ನೀರಿನ ಉಸಿರು ತೆಗೆಯುತ್ತೆ. ಇನ್ನೂ ಕೆಟ್ಟದ್ದು, ಮನುಷ್ಯನ ನೆರಳು ಕಂಡ ಕೂಡಲೇ ಮೀನು ದಡಕ್ಕೆ ಬರೋದು ಕಲಿಯುತ್ತೆ. ಆ ಮೀನು ಮಳೆಗಾಲದಲ್ಲಿ ಮಡು ಬಿಟ್ಟು ಹೊರಟಾಗ ಮುಂದಿನ ಊರಲ್ಲಿ ರಾಗಿಹಿಟ್ಟಿನ ಉಂಡೆ ಕಟ್ಟಿದ ಗಾಳಕ್ಕೆ ಮೊದಲು ಬೀಳೋದು ಅದೇ. ದಡದ ಅತ್ತಿ, ನೇರಳೆ, ಹೊಂಗೆ, ಹೊಳೆಮತ್ತಿ ಕಡಿಯದೆ ಬಿಡಿ. ಅತ್ತಿಹಣ್ಣು ನೀರಿಗೆ ಬಿದ್ದ ಸದ್ದಿಗೇ ಬಿಳಿಮೀನು ಬರುತ್ತೆ.

ಹೊಳೆಸಾಲು:

ತುಂಬಾ ಉಪಕಾರ ಆಯ್ತು. ಇವನ್ನೆಲ್ಲ ಮುದ್ರಿಸಿ ಸಭೆಯಲ್ಲಿ ಓದಿದೆವು. ಮರಿ ಬೇಡ ಅಂತ ತೀರ್ಮಾನ ಆಗಿದೆ. ಆದರೆ ಕಂಪನಿಯವರು ದುಡ್ಡು ಈ ವರ್ಷವೇ ಖರ್ಚು ಆಗಬೇಕು ಅಂತಿದ್ದಾರೆ. ಯಾವುದಕ್ಕೆ ಹಾಕಿಸೋದು? ಮಡುವಿಗೆ ಕಾಗದದ ಮೇಲೆ ರಕ್ಷಣೆ ಹೇಗೆ? ಇನ್ನೊಂದು: ಹೊಳೆಯ ನೀರು ಬೇಸಿಗೆಯಲ್ಲೂ ಒಂದೇ ದಿನದಲ್ಲಿ ಏರಿ ಇಳಿಯುತ್ತೆ. ಮೀನು ಸತ್ತು ತೇಲಿದರೆ ವಿಷವೋ ಬೇರೆ ಏನೋ ಅಂತ ತಿಳಿಯೋದು ಹೇಗೆ?

ಕಿವಿರು:

ದುಡ್ಡು ಈ ಕ್ರಮದಲ್ಲಿ ಹಾಕಿಸಿ: ಮೊದಲು ಡಿಎನ್‌ಎ ಪರೀಕ್ಷೆ, ಆಮೇಲೆ ಮಾರ್ಚ್‌ನಿಂದ ಮಳೆವರೆಗೆ ಇಬ್ಬರು ಕಾವಲುಗಾರರ ಸಂಬಳ, ಉಳಿದದ್ದು ಕಲ್ಲಿನ ದಾರಿಗೆ. ಸಂಬಳ ಒಂದು ವರ್ಷಕ್ಕೆ ಕೊಟ್ಟು ಕೈಬಿಟ್ಟರೆ ಉಪಯೋಗ ಇಲ್ಲ. ಐದು ವರ್ಷದ್ದು ಒಟ್ಟಿಗೆ ಠೇವಣಿ ಇಡಿಸಿ. ಕಾವಲಿಗೆ ಊರಿನ ಬೆಸ್ತರನ್ನೇ ಇಟ್ಟುಕೊಳ್ಳಿ. ನೀರಿನ ಭಾಷೆ ಅವರಿಗೆ ಗೊತ್ತು, ಮೀನು ಬಿಟ್ಟದ್ದರಿಂದ ನಷ್ಟ ಆಗೋದೂ ಅವರಿಗೇ.

ಕಾಗದಕ್ಕೆ: ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಕಾಯ್ದೆಯಡಿ ಇರಲೇಬೇಕು. ಮಡು, ಹಳ್ಳದ ಬಾಯಿ, ಜಲ್ಲಿಹಾಸುಗಳನ್ನು ಸರ್ವೆ ನಂಬರ್ ಸಮೇತ ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಿ ನಿರ್ಣಯ ಮಾಡಿಸಿ. ಮರಳಿನ ಗುತ್ತಿಗೆ ಬಂದಾಗ ಆಕ್ಷೇಪಣೆ ಹಾಕೋಕೆ ಕೈಯಲ್ಲಿರುವ ಮೊದಲ ಕಾಗದ ಅದೇ. ಮೀನುಗಾರಿಕೆ ಇಲಾಖೆಗೆ ಮಡುವನ್ನು ಮತ್ಸ್ಯಧಾಮ ಮಾಡಿ ಅಂತ ಅರ್ಜಿ ಕೊಡಿ. ತೋಟೆ, ವಿಷ ಹಾಕಿ ಮೀನು ಹಿಡಿಯೋದು ಮೀನುಗಾರಿಕೆ ಕಾನೂನಿನಲ್ಲೇ ಅಪರಾಧ. ತೋಟೆ ಇದ್ದಲ್ಲಿ ಸ್ಫೋಟಕಗಳ ಕಾನೂನೂ ಬರುತ್ತೆ, ದೂರಿನಲ್ಲಿ ಎರಡನ್ನೂ ಬರೆಯಿರಿ. ಹೊಳೆ ಅಭಯಾರಣ್ಯದೊಳಗೆ ಹೋಗೋದರಿಂದ ಅರಣ್ಯ ಇಲಾಖೆಗೂ ಒಂದು ಪ್ರತಿ ಕೊಡಿ.

ನೀರಿನ ಏರಿಳಿತ ವಿದ್ಯುತ್ ಉತ್ಪಾದನೆಯ ಬಿಡುಗಡೆಯದು. ತಮಿಳುನಾಡಿಗೆ ಕೊಡಬೇಕಾದ 177.25 ಟಿಎಂಸಿಯನ್ನು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯೋದು ಪ್ರಮಾಣದಿಂದ. ಆ ಪ್ರಮಾಣ ದಿನದೊಳಗೆ ಹೇಗೆ ಬಂತು ಅಂತ ಮೀನಿನ ಕಣ್ಣಿಂದ ನೋಡುವವರಿಲ್ಲ. ತುಂಬಿದಾಗ ದಡದ ಜಲ್ಲಿಯಲ್ಲಿ ಮೊಟ್ಟೆ ಇಟ್ಟರೆ ಮಾರನೇ ಹೊತ್ತಿಗೆ ಅದು ಬಿಸಿಲಲ್ಲಿ ಒಣಗುತ್ತೆ. ನೀವು ಒಂದು ಬಂಡೆಗೆ 10 ಸೆಂ.ಮೀ.ಗೊಂದು ಗೆರೆಯ ಅಳತೆ ಬರೆದು, ದಿನಾ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ ಬರೆದಿಡಿ. ನೀರು ನಿಧಾನವಾಗಿ ಇಳಿಸಿ ಅಂತ ಕೇಳೋಕೆ ಹೋದಾಗ ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ ಮಾತಿಗೆ ಬಲ.

ಮೀನು ಸತ್ತರೆ ಮೊದಲು ನೋಡಬೇಕಾದ್ದು ಮೀನನ್ನಲ್ಲ, ಏಡಿ, ಸೀಗಡಿ, ನೀರುಹುಳುಗಳನ್ನು. ಅವೂ ಸತ್ತಿದ್ದರೆ, ದೊಡ್ಡ-ಚಿಕ್ಕ ಮೀನು ಒಟ್ಟಿಗೇ ಸತ್ತಿದ್ದರೆ, ಕೀಟನಾಶಕದ ಅನುಮಾನ. ನಸುಕಿನಲ್ಲಿ ದೊಡ್ಡ ಮೀನೇ ಮೊದಲು ಸತ್ತು, ಉಳಿದವು ಮೇಲೆ ಬಂದು ಬಾಯಿ ಬಿಡ್ತಿದ್ದರೆ ಆಮ್ಲಜನಕದ ಕೊರತೆ. ಏಡಿ-ಸೀಗಡಿ ಚೆನ್ನಾಗಿದ್ದು ಮೀನಿನ ಹೊಟ್ಟೆಯೊಳಗೆ ರಕ್ತ ಕಟ್ಟಿ ಗಾಳಿಬುಡ್ಡೆ ಒಡೆದಿದ್ದರೆ ತೋಟೆ. ತೊಳೆದ ಗಾಜಿನ ಬಾಟಲಿಯನ್ನು ಗಾಳಿ ಉಳಿಯದಂತೆ ಮುಳುಗಿಸಿಯೇ ಮುಚ್ಚಳ ಹಾಕಿ. ಒಂದು ಲೀಟರಿನ ಎರಡು ಬಾಟಲಿ ಬೇಕು: ಒಂದು ಸತ್ತ ಜಾಗದ್ದು, ಇನ್ನೊಂದು ಮೇಲ್ಗಡೆಯ ಒಳ್ಳೇ ನೀರಿನದು. ಈಗಷ್ಟೇ ಸತ್ತ, ಕಿವಿರು ಇನ್ನೂ ಕೆಂಪಿರುವ ಎರಡು ಮೀನನ್ನು ಬೇರೆ ಬೇರೆ ಕವರಿನಲ್ಲಿ ಮಂಜುಗಡ್ಡೆಗೆ ಹಾಕಿ. ಬಾಟಲಿಯನ್ನೂ ಮಂಜುಗಡ್ಡೆಯಲ್ಲೇ, ಬಿಸಿಲು ತಾಗದಂತೆ ಒಯ್ಯಿರಿ. ಊದಿದ ಮೀನು ಪರೀಕ್ಷೆಗೆ ಬರಲ್ಲ. ಪಂಚನಾಮೆ ಮುಗಿಯುವವರೆಗೆ ನೀರು ಹಾಗೇ ಇರಲ್ಲ, ಆದ್ದರಿಂದ ಬಾಟಲಿ ತುಂಬೋದನ್ನು ಹೊತ್ತು, ಜಾಗ ಕಾಣುವ ಹಾಗೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟು ಆಮೇಲೆ ಠಾಣೆಗೆ, ಇಲಾಖೆಗೆ ಫೋನ್ ಮಾಡಿ.